ಹಲವರ ಕೈ ಸೇರಿದ ಸೂಪರ್‌ಹೀರೋ ಸಂಕಲನ: ಅಚ್ಚಿಗೆ ಕೊಡುವ ಮುನ್ನ ಇದನ್ನು ಓದಿ

ಒಬ್ಬ ಸೂಪರ್‌ಹೀರೋ, ಹನ್ನೆರಡು ಅತಿಥಿ ತಂಡಗಳು, ತಲಾ 8 ಪುಟದ ಕತೆ, ಒಟ್ಟು 96 ಪುಟ. ಒಳ್ಳೆಯ ಕಲಾವಿದರು ತಿಂಗಳುಗಟ್ಟಲೆ ಕೂತು ಬಿಡಿಸಿದ ಈ ಕಾಮಿಕ್ಸ್ ಸಂಕಲನ ಅಚ್ಚಾಗಿ ಬಂದಾಗ ಮಾರುವ ಹಾಗಿರಲಿಲ್ಲ. ತಪ್ಪು ಕಲಾವಿದರದ್ದಲ್ಲ, ಮುದ್ರಣಾಲಯದ್ದೂ ಅಲ್ಲ. ಸಂಪಾದಕರು ಮೊದಲ ದಿನವೇ ಎಲ್ಲರಿಗೂ ಕಳಿಸಬೇಕಿದ್ದ ಒಂದು ಪುಟದ ಸೂಚನೆ ಯಾರಿಗೂ ಹೋಗಿರಲಿಲ್ಲ.

ದೊಡ್ಡ ಪೆಟ್ಟು ಬಿದ್ದದ್ದು ಪುಟಗಳ ಲೆಕ್ಕದಲ್ಲಿ. ಶೀರ್ಷಿಕೆ, ಹಕ್ಕುಗಳ ವಿವರ, ಪರಿವಿಡಿ ಎಂಬ ಮೂರು ಪುಟಗಳು ಕಡೇ ಗಳಿಗೆಯಲ್ಲಿ ನೆನಪಾಗಿ ಮುಂದೆ ಸೇರಿದವು. ಒಟ್ಟು 99 ಆಯಿತು. ಮಡಿಸಿದ ಒಂದು ಹಾಳೆಗೆ ನಾಲ್ಕು ಪುಟ; ಒಟ್ಟು ಪುಟಗಳು ನಾಲ್ಕರ ಲೆಕ್ಕದಲ್ಲೇ ಇರಬೇಕಾದ್ದರಿಂದ ಕೊನೆಗೆ ಒಂದು ಖಾಲಿ ಪುಟ ಹಾಕಿ 100 ಮಾಡಿದರು. ಆದರೆ ಪುಸ್ತಕದಲ್ಲಿ ಬೆಸ ಪುಟ ಬಲಕ್ಕೆ, ಸಮ ಪುಟ ಎಡಕ್ಕೆ ಬರುತ್ತದೆ. 1ರಲ್ಲಿ ಶುರುವಾಗಬೇಕಿದ್ದ ಕತೆ 4ಕ್ಕೆ ಸರಿದಾಗ, ಅದರ 2 ಮತ್ತು 3ನೇ ಪುಟಕ್ಕೆ ಹರಡಿದ್ದ ಹೊಡೆದಾಟದ ದೃಶ್ಯ ಎರಡು ಹೋಳಾಯಿತು: ಎಡದ ಅರ್ಧ ಬಲಪುಟದಲ್ಲಿ, ಉಳಿದರ್ಧ ಹಾಳೆ ಮಗುಚಿದ ಮೇಲೆ. ಎಲ್ಲ ಕತೆಗಳೂ 8 ಪುಟದವೇ ಆದ್ದರಿಂದ ಜೋಡಿಪುಟದ ಚಿತ್ರವಿದ್ದ ಪ್ರತಿಯೊಂದಕ್ಕೂ ಇದೇ ಗತಿ. ಮುಂದೆ ಮೂರರ ಬದಲು ನಾಲ್ಕು ಪುಟ ಬಿಟ್ಟು ಕೊನೆಯ ಖಾಲಿ ಪುಟ ತೆಗೆದಿದ್ದರೆ ಒಂದು ಚಿತ್ರವೂ ಒಡೆಯುತ್ತಿರಲಿಲ್ಲ. 25 ಹಾಳೆಗಳನ್ನು ಮಡಿಸಿ, ಪುಟಸಂಖ್ಯೆ ಬರೆದು, ಆಯಾ ಪುಟದ ಚಿತ್ರದ ಸಣ್ಣ ಪ್ರತಿಗಳನ್ನು ಅಂಟಿಸಿ ಮಗುಚಿ ನೋಡಿ. ಅರ್ಧ ದಿನದ ಕೆಲಸ, ದಯವಿಟ್ಟು ಬಿಡಬೇಡಿ.

ಎರಡನೆಯದು ಅಳತೆ. ಪುಸ್ತಕ ಅಮೆರಿಕದ ಮಾಸಿಕ ಕಾಮಿಕ್ಸ್‌ಗಳ ಅಳತೆಯದು, 6.625 × 10.25 ಇಂಚು. ಕೆಲವರು ಎ4 ಪ್ರಮಾಣದಲ್ಲಿ ಬರೆದಿದ್ದರು. ಎ4 ಪುಟವನ್ನು ಎತ್ತರಕ್ಕೆ ಹೊಂದಿಸಿದರೆ ಅಗಲ ಸುಮಾರು ಏಳೂಕಾಲು ಇಂಚಾಗುತ್ತದೆ. ಎರಡೂ ಬದಿಯಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಇಂಚು ಕತ್ತರಿ ಪಾಲು. ಅಂಚಿನಲ್ಲಿದ್ದ ಮಾತಿನ ಗುಳ್ಳೆಗಳು ಅಲ್ಲೇ ಹೋದವು. ಬರೆಯುವ ಚೌಕಟ್ಟನ್ನು ಫೈಲಾಗಿಯೇ ಕಳಿಸಿ. ಸುತ್ತ ಎಂಟನೇ ಒಂದು ಇಂಚು ಬ್ಲೀಡ್ (ಕತ್ತರಿಸುವ ಗೆರೆಯಾಚೆಗೂ ಹರಡುವ ಚಿತ್ರದ ಅಂಚು) ಇರಲಿ, ಅಕ್ಷರಗಳು ಕತ್ತರಿಸುವ ಗೆರೆಯಿಂದ ಕನಿಷ್ಠ ಎಂಟನೇ ಮೂರು (3/8) ಇಂಚು ಒಳಗಿರಲಿ, ಬೆನ್ನಿನ ಕಡೆ ಇನ್ನೂ ಹೆಚ್ಚು.

ಅಕ್ಷರಗಳದ್ದೇ ಬೇರೆ ಗೋಳು. ಲೆಟರಿಂಗನ್ನು (ಗುಳ್ಳೆಗಳ ಮಾತಿನ ಬರಹ) ಚಿತ್ರದೊಳಗೇ ಬೆರೆಸಿ ಪರದೆಯ ಬಣ್ಣಪದ್ಧತಿಯಾದ ಆರ್‌ಜಿಬಿಯಲ್ಲಿ ಕಳಿಸಿದರೆ, ಅಚ್ಚಿನ ನಾಲ್ಕು ಶಾಯಿಗಳ ಪದ್ಧತಿಯಾದ ಸಿಎಂವೈಕೆಗೆ ಬದಲಾಯಿಸಿದಾಗ ಕಪ್ಪು ಬಣ್ಣ ನಾಲ್ಕೂ ಶಾಯಿಗಳಿಗೆ ಹಂಚಿಹೋಗುತ್ತದೆ. ಅಚ್ಚಿನಲ್ಲಿ ಒಂದು ಶಾಯಿಯ ಪ್ಲೇಟ್ ಕೂದಲೆಳೆಯಷ್ಟು ಜರುಗಿದರೂ ಸಣ್ಣ ಅಕ್ಷರದ ಸುತ್ತ ಕೆಂಪು, ನೀಲಿ ನೆರಳು ಕಾಣುತ್ತದೆ. ಲೆಟರಿಂಗ್ ಬೇರೆ ಫೈಲಿನಲ್ಲಿ, ವೆಕ್ಟರ್ (ಎಷ್ಟು ಹಿಗ್ಗಿಸಿದರೂ ಒಡೆಯದ ಗೆರೆಗಳ) ರೂಪದಲ್ಲಿ, ಬರೀ ಕಪ್ಪು ಶೇ. 100ರಲ್ಲಿ, ಓವರ್‌ಪ್ರಿಂಟ್ ಆಗಿ (ಅಡಿಯ ಬಣ್ಣದ ಮೇಲೆಯೇ ಅಚ್ಚಾಗುವಂತೆ) ಬರಲಿ. ಬಣ್ಣದ ಚಿತ್ರಕ್ಕೆ 300 ಡಿಪಿಐ (ಇಂಚಿಗೆ ಇಷ್ಟು ಚುಕ್ಕಿ) ಸಾಕು, ಇಂಕಿನ ಗೆರೆಗೆ 600ಕ್ಕಿಂತ ಕಡಿಮೆ ಬೇಡ. ನಾಯಕನ ಮುಖ, ಮೈಕಟ್ಟು ಕೈಯಿಂದ ಕೈಗೆ ಬದಲಾಗಲಿ, ಸಂಕಲನದ ಸೊಗಸೇ ಅದು. ಲಾಂಛನದ ಬಣ್ಣಕ್ಕೆ ಮಾತ್ರ ಸಿಎಂವೈಕೆ ಅಂಕಿ ಕೊಟ್ಟುಬಿಡಿ. ಪರದೆಯ ಮೇಲೆ ಹೊಳೆಯುವ ನೀಲಿ ಕಾಗದದಲ್ಲಿ ನೇರಳೆಯತ್ತ ತಿರುಗುತ್ತದೆ.

ಇಷ್ಟನ್ನೂ ತಿದ್ದಿ ಮರುಮುದ್ರಣಕ್ಕೆ ಹೊರಟಾಗ ಒಂದು ತಂಡ ಒಪ್ಪಲಿಲ್ಲ. ಬಾಯಿಮಾತಿನ ಒಪ್ಪಂದ ಒಂದೇ ಮುದ್ರಣದ್ದು ಎಂದರು. ಅವರನ್ನು ದೂರುವಂತಿಲ್ಲ: 1938ರಲ್ಲಿ ಸೂಪರ್‌ಮ್ಯಾನ್ ಹಕ್ಕುಗಳು 130 ಡಾಲರಿಗೆ ಅವನ ಸೃಷ್ಟಿಕರ್ತರ ಕೈಬಿಟ್ಟ ಕತೆ ಈ ರಂಗದವರೆಲ್ಲ ಬಲ್ಲರು. ಅಮೆರಿಕದ ಕೃತಿಸ್ವಾಮ್ಯ ಕಾಯ್ದೆಯಲ್ಲಂತೂ ಹೊರಗಿನವರು ಸಂಕಲನಕ್ಕೆ ಬರೆದದ್ದು ‘ವರ್ಕ್ ಫಾರ್ ಹೈರ್’ (ಹಕ್ಕು ಮಾಡಿಸಿದವರಿಗೇ ಸೇರುವ ಕೆಲಸ) ಎನಿಸಿಕೊಳ್ಳಲು ಎರಡೂ ಕಡೆಯವರು ಸಹಿ ಹಾಕಿದ ಪತ್ರ ಬೇಕೇ ಬೇಕು. ಪಾತ್ರ ಯಾರದು, ಕತೆ ಯಾರದು, ಮರುಮುದ್ರಣ, ಡಿಜಿಟಲ್ ಆವೃತ್ತಿ, ಅನುವಾದಗಳಿಗೆ ಪ್ರತ್ಯೇಕ ಸಂಭಾವನೆ ಎಷ್ಟು, ಮೂಲಚಿತ್ರ ಯಾವಾಗ ವಾಪಸ್ಸು ಎಂಬುದೆಲ್ಲ ಅದರಲ್ಲಿರಲಿ. ಸಹಿಯನ್ನು ಪೆನ್ಸಿಲ್ ಹಂತಕ್ಕೂ ಮೊದಲೇ ಪಡೆಯಿರಿ. ಇಂಕಿಂಗ್, ಬಣ್ಣ, ಲೆಟರಿಂಗ್‌ಗೆ ಬೇರೆಯವರಿದ್ದರೆ ಅವರ ಸಹಿಯೂ ಬೇಕು.