ಸಿ ಡ್ರೈವ್ ಫಾರ್ಮ್ಯಾಟ್‌ಗೆ ಕೊಡುವ ಮುಂಚೆ ಇದನ್ನು ಓದಿ: ವಿಂಡೋಸ್ ಅಪ್‌ಗ್ರೇಡ್ ಆದ ಮೇಲೆ ನನ್ನ 23 ದಿನದ ಎಡಿಟಿಂಗ್ ಹೋಯಿತು

ಮದುವೆ ವಿಡಿಯೊ ಎಡಿಟ್ ಮಾಡುವ ಎಲ್ಲರಿಗೂ ಮೊದಲೇ ಹೇಳಿಬಿಡುತ್ತೇನೆ. ವಿಂಡೋಸ್ ಅಪ್‌ಡೇಟ್ ಆದ ಮೇಲೆ ಎಡಿಟಿಂಗ್ ಸಾಫ್ಟ್‌ವೇರ್ ಕೈಕೊಟ್ಟರೆ ಗಾಬರಿಯಲ್ಲಿ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸಬೇಡಿ. "ಫೂಟೇಜ್ (ಶೂಟ್ ಮಾಡಿದ ವಿಡಿಯೊ) ಎಲ್ಲ ಡಿ ಡ್ರೈವ್‌ನಲ್ಲಿದೆ, ಸಿ ಹೋದರೆ ಹೋಗಲಿ" ಅಂದುಕೊಳ್ಳಲೇಬೇಡಿ. ನಾನು ಹಾಗೆ ಅಂದುಕೊಂಡೆ. ಅದರಿಂದ ಏನಾಯಿತು ಅಂತ ಪೂರ್ತಿ ಬರೆಯುತ್ತಿದ್ದೇನೆ.

ತೀರ್ಥಹಳ್ಳಿಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೊ ಇದೆ. 2025ರ ಮೇ ತಿಂಗಳಲ್ಲಿ ಆಗುಂಬೆ ಕಡೆಯ ಒಂದು ಹಳ್ಳಿಯಲ್ಲಿ ಮದುವೆ ಶೂಟ್ ಮಾಡಿದ್ದೆ. ಮನೆ ಅಂಗಳದಲ್ಲೇ ಚಪ್ಪರ ಹಾಕಿ ಮಾಡಿದ ಮದುವೆ. ಮದುಮಗಳ ಅಜ್ಜಿ ಸೋಬಾನೆ ಹಾಡುತ್ತಾರೆ. ಈಗಿನ ಮದುವೆಗಳಲ್ಲಿ ಸೋಬಾನೆ ಬಲ್ಲವರು ಸಿಗುವುದೇ ಕಷ್ಟ, ಅಲ್ವಾ? ಅಜ್ಜಿಗೆ ಧ್ವನಿ ಸಣ್ಣದು. ಅವರು ಹಾಡಲು ಕೂತಾಗಲೇ ಮಳೆ ಬಂತು. ತಗಡಿನ ಮೇಲೆ ಬಿದ್ದ ಮಳೆಯ ಸದ್ದಿಗೆ ಕ್ಯಾಮೆರಾದ ಆಡಿಯೊದಲ್ಲಿ ಹಾಡೇ ಕೇಳುತ್ತಿರಲಿಲ್ಲ. ಪುಣ್ಯಕ್ಕೆ ಅಜ್ಜಿಯ ಪಕ್ಕದಲ್ಲೇ ಒಂದು ರೆಕಾರ್ಡರ್ ಇಟ್ಟಿದ್ದೆ. ಅದರಲ್ಲಿನ ಧ್ವನಿಯನ್ನು ಎರಡು ಕ್ಯಾಮೆರಾದ ದೃಶ್ಯಕ್ಕೆ ಸಾಲು ಸಾಲಾಗಿ ಕೈಯಲ್ಲೇ ಹೊಂದಿಸಿದೆ. ಸಾಫ್ಟ್‌ವೇರ್ ತಾನೇ ಸಿಂಕ್ ಮಾಡುವುದಕ್ಕೆ ಆ ಮಳೆ ಬಿಡಲಿಲ್ಲ. ಹಾಡುಗಳ ಕೆಲಸಕ್ಕೇ 5 ದಿನ ಹಿಡಿಯಿತು. ಕಲರ್, ಟೈಟಲ್, ಮೂರು ದಿನದ ಶಾಸ್ತ್ರಗಳ ಜೋಡಣೆ ಎಲ್ಲ ಸೇರಿ 23 ದಿನ ಕೂತಿದ್ದೆ. ಇನ್ನು ಎಕ್ಸ್‌ಪೋರ್ಟ್ (ಪೂರ್ತಿ ವಿಡಿಯೊ ಫೈಲ್ ಹೊರಗೆ ತೆಗೆಯುವುದು) ಒಂದೇ ಬಾಕಿ.

ವಿಡಿಯೊ ಕೊಡಬೇಕಾಗಿದ್ದು ದೀಪಾವಳಿಗೆ. ಹೊಸ ಅಳಿಯನ ಮೊದಲ ಹಬ್ಬ. ಅಕ್ಟೋಬರ್ 22, ಬಲಿಪಾಡ್ಯಮಿ ದಿನ ನೆಂಟರೆಲ್ಲ ಸೇರುತ್ತಾರೆ, ಆವತ್ತು ಟಿವಿಯಲ್ಲಿ ಹಾಕಬೇಕು ಅಂತ ಮನೆಯವರ ಆಸೆ.

ಅದೇ ಹೊತ್ತಿಗೆ ನನ್ನ ಕಂಪ್ಯೂಟರಿನಲ್ಲಿ ದಿನವೂ ಒಂದು ಸೂಚನೆ ಬರುತ್ತಿತ್ತು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುತ್ತದೆ, ವಿಂಡೋಸ್ 11 ಉಚಿತವಾಗಿ ಹಾಕಿಕೊಳ್ಳಿ ಅಂತ. 14ರ ನಂತರ ಕಂಪ್ಯೂಟರ್ ಆನ್ ಆಗುವುದೇ ಇಲ್ಲವೇನೋ ಅನ್ನುವ ಹೆದರಿಕೆ ನನ್ನೊಳಗೆ ಕೂತಿತ್ತು. ಹಾಗೇನೂ ಇಲ್ಲ. ಬೆಂಬಲ ಮುಗಿದರೂ ವಿಂಡೋಸ್ 10 ಓಡುತ್ತದೆ, ಹೊಸ ಸುರಕ್ಷತಾ ಅಪ್‌ಡೇಟ್‌ಗಳು ಬರುವುದಿಲ್ಲ ಅಷ್ಟೇ. ಅದಕ್ಕೂ ದಾರಿ ಇತ್ತು. ಮನೆ ಬಳಕೆಯ ಕಂಪ್ಯೂಟರ್‌ಗಳಿಗೆ ಮೈಕ್ರೋಸಾಫ್ಟ್ ಇನ್ನೂ ಒಂದು ವರ್ಷ, 2026ರ ಅಕ್ಟೋಬರ್ 13ರ ತನಕ, ಸುರಕ್ಷತಾ ಅಪ್‌ಡೇಟ್ ಕೊಡುವುದಾಗಿ ಹೇಳಿತ್ತು. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಅದಕ್ಕೆ ಸೇರಿಕೊಳ್ಳಬಹುದಿತ್ತು. ಇದು ನನಗೆ ಗೊತ್ತಾಗಿದ್ದು ಎಲ್ಲ ಮುಗಿದ ಮೇಲೆ. ಗೊತ್ತಿದ್ದರೆ ಹಬ್ಬ ಕಳೆಯುವ ತನಕ ಆ ಸೂಚನೆಯನ್ನು ಮುಟ್ಟುತ್ತಲೇ ಇರಲಿಲ್ಲ.

ಭೂಮಿ ಹುಣ್ಣಿಮೆ ಮುಗಿದ ಮರುದಿನ ರಾತ್ರಿ ಅಪ್‌ಗ್ರೇಡ್‌ಗೆ ಹಾಕಿ ಮಲಗಿದೆ. ಬೆಳಿಗ್ಗೆ ವಿಂಡೋಸ್ 11 ಬಂದಿತ್ತು, ಎಲ್ಲ ಚೆನ್ನಾಗಿಯೇ ಕಾಣಿಸಿತು. ಎಡಿಟಿಂಗ್ ಸಾಫ್ಟ್‌ವೇರ್ ತೆರೆದೆ. ಟೈಮ್‌ಲೈನ್ ಇದೆ, ಆಡಿಯೊ ಕೇಳುತ್ತಿದೆ, ಆದರೆ ಪ್ರಿವ್ಯೂ ಜಾಗ ಪೂರ್ತಿ ಕಪ್ಪು. ಎಕ್ಸ್‌ಪೋರ್ಟ್ ಕೊಟ್ಟರೆ ಸ್ವಲ್ಪ ಹೊತ್ತು ಓಡಿ ಜಿಪಿಯು (ಗ್ರಾಫಿಕ್ಸ್ ಕಾರ್ಡ್) ತಪ್ಪು ಅಂತ ತೋರಿಸಿ ನಿಂತುಬಿಡುತ್ತದೆ.

ಇಲ್ಲಿಂದ ಮುಂದಿನದೆಲ್ಲ ನನ್ನ ಅವಸರ.

ಮೊದಲು ಸಾಫ್ಟ್‌ವೇರಿನ ಹೊಸ ಆವೃತ್ತಿ ಹಾಕಿದೆ. ಹಳೇದು ವಿಂಡೋಸ್ 11ಕ್ಕೆ ಹೊಂದುವುದಿಲ್ಲವೇನೋ ಅಂತ ನನ್ನ ಊಹೆ. ಪ್ರಾಜೆಕ್ಟ್ ತೆರೆಯುವಾಗ ಅದು ಏನೋ ಕೇಳಿತು, ಓದದೇ ಓಕೆ ಒತ್ತಿದೆ, ಸೇವ್ ಮಾಡಿದೆ. ಪ್ರಿವ್ಯೂ ಆಗಲೂ ಕಪ್ಪೇ. ವಾಪಸ್ ಹಳೇ ಆವೃತ್ತಿ ಹಾಕಿದರೆ ಪ್ರಾಜೆಕ್ಟ್ ತೆರೆಯಲೇ ಇಲ್ಲ. ಪ್ರೀಮಿಯರ್ ಪ್ರೊ ಇರಲಿ, ಡಾವಿಂಚಿ ರಿಸಾಲ್ವ್ ಇರಲಿ, ಹೊಸ ಆವೃತ್ತಿಯಲ್ಲಿ ತೆರೆದು ಸೇವ್ ಮಾಡಿದ ಪ್ರಾಜೆಕ್ಟನ್ನು ಹಳೇ ಆವೃತ್ತಿ ಒಪ್ಪುವುದಿಲ್ಲ. ಇದನ್ನು ದಯವಿಟ್ಟು ನೆನಪಿಡಿ. ಆವೃತ್ತಿ ಬದಲಿಸುವ ಮುಂಚೆ ಪ್ರಾಜೆಕ್ಟಿನ ಒಂದು ಪ್ರತಿಯನ್ನು ಬೇರೆ ಕಡೆ ತೆಗೆದಿಡಿ.

ಎರಡು ದಿನ ಹೀಗೇ ಒದ್ದಾಡಿದೆ. ಮೂರನೇ ದಿನ, ಶನಿವಾರ, ಸಿಪಿಯು ಡಬ್ಬಿಯನ್ನು ಕಂಬಳಿಯಲ್ಲಿ ಸುತ್ತಿ ಕಾರಿನಲ್ಲಿಟ್ಟುಕೊಂಡು ಶಿವಮೊಗ್ಗಕ್ಕೆ ಹೊರಟೆ. ಮಂಡಗದ್ದೆ ದಾಟುವಾಗ ಮದುಮಗಳ ಅಪ್ಪನ ಫೋನ್ ಬಂತು. "ಎಲ್ಲಿಗೆ ಬಂತು ನಮ್ಮ ಕೆಲಸ?" ಅಂದರು. "ಮುಗೀತು, ಹಬ್ಬಕ್ಕೆ ಕೊಡ್ತೀನಿ" ಅಂದೆ.

ಅಂಗಡಿಯಲ್ಲಿದ್ದ ಹುಡುಗ ನೋಡಿದ. "ಅಣ್ಣ, ಅಪ್‌ಗ್ರೇಡ್ ಸರಿಯಾಗಿ ಕೂತಿಲ್ಲ. ಸಿ ಡ್ರೈವ್ ಫಾರ್ಮ್ಯಾಟ್ ಮಾಡಿ ಹೊಸದಾಗಿ ವಿಂಡೋಸ್ ಹಾಕಿಬಿಡೋಣ. ಸಿ ಡ್ರೈವಲ್ಲಿ ಬೇಕಾಗಿದ್ದು ಏನಾದ್ರೂ ಇದೆಯಾ?"

"ಏನೂ ಇಲ್ಲ. ಎಲ್ಲ ಡಿ ಡ್ರೈವಲ್ಲಿದೆ."

ಆ ಹುಡುಗ ಕೇಳಿದ್ದ, ನಾನೇ ಇಲ್ಲ ಅಂದೆ. ಡೆಸ್ಕ್‌ಟಾಪ್‌ನಲ್ಲಿದ್ದ ಎರಡು ಫೋಲ್ಡರ್ ಮಾತ್ರ ಪೆನ್‌ಡ್ರೈವ್‌ಗೆ ಹಾಕಿಕೊಂಡೆ. ಒಂದೂವರೆ ಗಂಟೆಯಲ್ಲಿ ಕೆಲಸ ಆಯಿತು, 800 ರೂಪಾಯಿ ಕೊಟ್ಟು ಬಂದೆ. ಆದರೂ ಒಂದು ಮಾತು ಹೇಳಲೇಬೇಕು. ದಿನಾ ಫಾರ್ಮ್ಯಾಟ್ ಮಾಡುವವರು "ಎಡಿಟಿಂಗ್ ಪ್ರಾಜೆಕ್ಟ್ ಎಲ್ಲಿ ಸೇವ್ ಆಗುತ್ತೆ?" ಅಂತ ಇನ್ನೊಂದು ಪ್ರಶ್ನೆ ಕೇಳಬೇಕಿತ್ತು. ಸ್ಟುಡಿಯೊದವರು ಅವರ ಹತ್ತಿರ ಬರುವುದು ಅದೇ ಮೊದಲಲ್ಲ.

ಮನೆಗೆ ಬಂದು ಸಾಫ್ಟ್‌ವೇರ್ ಹಾಕಿ ತೆರೆದೆ. ಪ್ರಾಜೆಕ್ಟ್‌ಗಳ ಪಟ್ಟಿಯಲ್ಲಿ ಹೆಸರಿಲ್ಲದ ಒಂದು ಖಾಲಿ ಪ್ರಾಜೆಕ್ಟ್. ಬೇರೆ ಏನೂ ಇಲ್ಲ. ಆ ಮದುವೆಯೂ ಇಲ್ಲ, ಅದರ ಹಿಂದಿನ ಎರಡು ವರ್ಷದ ಯಾವ ಕೆಲಸವೂ ಇಲ್ಲ.

ಆಗ ಅರ್ಥವಾಗಿದ್ದು ಇದು. ಫೂಟೇಜ್ ಬೇರೆ, ಎಡಿಟ್ ಬೇರೆ. ನಾವು ಕತ್ತರಿಸಿದ್ದು, ಜೋಡಿಸಿದ್ದು, ಬಣ್ಣ ಸರಿಮಾಡಿದ್ದು ಯಾವುದೂ ಫೂಟೇಜ್ ಫೈಲಿನೊಳಗೆ ಹೋಗುವುದಿಲ್ಲ. ಯಾವ ಕ್ಲಿಪ್ ಎಲ್ಲಿಂದ ಎಲ್ಲಿಯವರೆಗೆ ಅನ್ನುವ ಲೆಕ್ಕ ಬೇರೆ ಕಡೆ ಇರುತ್ತದೆ. ಡಾವಿಂಚಿ ರಿಸಾಲ್ವ್‌ನಲ್ಲಿ ಅದು ನಮ್ಮ ಕಣ್ಣಿಗೆ ಕಾಣುವ ಫೈಲೂ ಅಲ್ಲ. ಒಂದು ಡೇಟಾಬೇಸ್ ಇರುತ್ತದೆ. ನಾವು ಬದಲಿಸದೇ ಇದ್ದರೆ ಅದು ಸಿ ಡ್ರೈವ್‌ನ ಅಡಗಿಸಿಟ್ಟ ಫೋಲ್ಡರ್ ಒಳಗೆ ಕೂತಿರುತ್ತದೆ. ತಾನಾಗೇ ಆಗುವ ಬ್ಯಾಕಪ್ ಕೂಡ ಸಿ ಡ್ರೈವ್‌ಗೇ ಹೋಗುತ್ತದೆ. ಪ್ರೀಮಿಯರ್‌ನಲ್ಲಿ ಪ್ರಾಜೆಕ್ಟ್ ಒಂದು ಫೈಲ್, ಆದರೆ ಸುಮ್ನೆ ಡಾಕ್ಯುಮೆಂಟ್ಸ್ ಫೋಲ್ಡರ್‌ನಲ್ಲೇ ಬಿಟ್ಟವರು ಎಷ್ಟು ಜನ ಇಲ್ಲ? ಅದೂ ಸಿ ಡ್ರೈವೇ. ಆಟೋಸೇವ್ ಫೋಲ್ಡರ್ ಇರುವುದೂ ಅದರ ಪಕ್ಕದಲ್ಲೇ.

ರಿಕವರಿ ಮಾಡಿಸಲು ನೋಡಿದೆ. ನನ್ನ ಸಿ ಡ್ರೈವ್ ಎಸ್‌ಎಸ್‌ಡಿ. ಹಳೇ ಹಾರ್ಡ್ ಡಿಸ್ಕ್ ಆಗಿದ್ದರೆ ಫಾರ್ಮ್ಯಾಟ್ ಆದ ಮೇಲೂ ಸ್ವಲ್ಪ ಆಸೆ ಇರುತ್ತದೆ. ಎಸ್‌ಎಸ್‌ಡಿಯಲ್ಲಿ ಟ್ರಿಮ್ ಅನ್ನುವ ವ್ಯವಸ್ಥೆ ಇದೆ, ಅಳಿಸಿದ ಜಾಗವನ್ನು ಅದು ತಾನೇ ಖಾಲಿ ಮಾಡಿಬಿಡುತ್ತದೆ. ಏನೂ ಸಿಗಲಿಲ್ಲ.

ಹೊಟ್ಟೆ ಉರಿಯುವುದು ಇನ್ನೊಂದು ವಿಷಯಕ್ಕೆ. ಫಾರ್ಮ್ಯಾಟ್ ಆದ ಮೇಲೂ ಪ್ರಿವ್ಯೂ ಕಪ್ಪಾಗಿಯೇ ಇತ್ತು! ಅಂದರೆ ಸಿ ಡ್ರೈವ್ ಅಳಿಸಿದ್ದಕ್ಕೆ ಏನೂ ಉಪಯೋಗ ಆಗಿರಲಿಲ್ಲ. ರಾತ್ರಿ ಸಾಗರದಲ್ಲಿರುವ ಒಬ್ಬ ಹಿರಿಯ ವಿಡಿಯೊಗ್ರಾಫರ್‌ಗೆ ಫೋನ್ ಮಾಡಿದೆ. ಅವರ ಮೊದಲ ಪ್ರಶ್ನೆಯೇ, "ಗ್ರಾಫಿಕ್ಸ್ ಡ್ರೈವರ್ ಯಾವ ತಾರೀಕಿಂದು ನೋಡಿದ್ಯಾ ಮಾರಾಯ?"

ನೋಡಿರಲಿಲ್ಲ. ವಿಂಡೋಸ್ ಬದಲಾಗುವಾಗ ಗ್ರಾಫಿಕ್ಸ್ ಕಾರ್ಡಿನ ಡ್ರೈವರ್ (ಆ ಕಾರ್ಡನ್ನು ವಿಂಡೋಸ್ ಜೊತೆ ಕೆಲಸ ಮಾಡಿಸುವ ಸಾಫ್ಟ್‌ವೇರ್) ಕೂಡ ಬದಲಾಗಬಹುದು. ವಿಂಡೋಸ್ ತನ್ನ ಹತ್ತಿರ ಇರುವ ಯಾವುದೋ ಹಳೇ ಡ್ರೈವರ್ ಹಾಕಿಬಿಡಬಹುದು. ಬ್ರೌಸರ್‌ಗೆ, ಯೂಟ್ಯೂಬ್‌ಗೆ ಅದು ಸಾಕು. ಎಡಿಟಿಂಗ್ ಸಾಫ್ಟ್‌ವೇರ್‌ಗೆ ಇಂತಿಷ್ಟು ಹೊಸ ಡ್ರೈವರ್ ಇರಲೇಬೇಕು, ಇಲ್ಲದಿದ್ದರೆ ಕಾರ್ಡನ್ನು ಬಳಸಲು ಆಗುವುದಿಲ್ಲ. ಅವರು ಹೇಳಿದಂತೆ ಡಿವೈಸ್ ಮ್ಯಾನೇಜರ್ ತೆರೆದೆ. ಡಿಸ್ಪ್ಲೇ ಅಡಾಪ್ಟರ್ಸ್ ಕೆಳಗೆ ನನ್ನ ಕಾರ್ಡಿನ ಪ್ರಾಪರ್ಟೀಸ್‌ನಲ್ಲಿ ಡ್ರೈವರ್ ದಿನಾಂಕ ನೋಡಿದರೆ ಎರಡು ವರ್ಷ ಹಳೆಯದು. ಎನ್‌ವಿಡಿಯಾ ವೆಬ್‌ಸೈಟ್‌ನಿಂದ ನನ್ನ ಕಾರ್ಡಿಗೆ ಸರಿಯಾದ ಸ್ಟುಡಿಯೊ ಡ್ರೈವರ್ ಇಳಿಸಿಕೊಂಡೆ. ಆಟ ಆಡುವವರಿಗೆ ಗೇಮ್ ರೆಡಿ, ಎಡಿಟಿಂಗ್ ಮಾಡುವವರಿಗೆ ಸ್ಟುಡಿಯೊ ಅಂತ ಎರಡು ಬಗೆ ಇರುತ್ತವೆ. ಹಾಕುವಾಗ ಕಸ್ಟಮ್ ಆರಿಸಿ, ಕ್ಲೀನ್ ಇನ್‌ಸ್ಟಾಲೇಶನ್‌ಗೆ ಟಿಕ್ ಹಾಕಿದೆ. ಕಂಪ್ಯೂಟರ್ ಒಮ್ಮೆ ಆಫ್ ಆಗಿ ಆನ್ ಆಯಿತು. ಪ್ರಿವ್ಯೂ ಬಂತು. ಡೌನ್‌ಲೋಡ್ ಸೇರಿ 20 ನಿಮಿಷ.

23 ದಿನದ ಕೆಲಸ ಉಳಿಯುವುದಕ್ಕೆ ಆ 20 ನಿಮಿಷ ಸಾಕಿತ್ತು. ಇದನ್ನು ಬರೆಯುವಾಗಲೂ ಕೈ ನಿಲ್ಲುತ್ತದೆ.

ಅದೂ ಆಗದಿದ್ದರೆ ಹಿಂದಕ್ಕೆ ಹೋಗುವ ದಾರಿಯೂ ತೆರೆದೇ ಇತ್ತು. ವಿಂಡೋಸ್ 10ರಿಂದ 11ಕ್ಕೆ ಹೋದ ಮೇಲೆ 10 ದಿನದ ತನಕ ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ ಅಂತ ಹೋದರೆ ಗೋ ಬ್ಯಾಕ್ ಅಂತ ಒಂದು ಬಟನ್ ಇರುತ್ತದೆ. ಒತ್ತಿದರೆ ಹಳೇ ವಿಂಡೋಸ್ ವಾಪಸ್ ಬರುತ್ತದೆ. ಹಳೆಯದೆಲ್ಲ ಸಿ ಡ್ರೈವ್‌ನಲ್ಲಿ ವಿಂಡೋಸ್ ಡಾಟ್ ಓಲ್ಡ್ ಅನ್ನುವ ಫೋಲ್ಡರ್‌ನಲ್ಲಿ ಇರುತ್ತದೆ. ಜಾಗ ಜಾಸ್ತಿ ತಿನ್ನುತ್ತದೆ ಅಂತ ಡಿಸ್ಕ್ ಕ್ಲೀನಪ್ ಮಾಡಿ ಅದನ್ನು ಅಳಿಸಬೇಡಿ, ಅಳಿಸಿದರೆ ಆ ಬಟನ್ ಕೆಲಸ ಮಾಡುವುದಿಲ್ಲ. ನಾನು ಫಾರ್ಮ್ಯಾಟ್‌ಗೆ ಕೊಟ್ಟಿದ್ದು ಮೂರನೇ ದಿನ. ಇನ್ನೂ 7 ದಿನ ಇತ್ತು ನನಗೆ.

ಮದುಮಗಳ ಅಪ್ಪನಿಗೆ ನಿಜ ಹೇಳಲು ಮರುದಿನ ಅವರ ಮನೆಗೇ ಹೋದೆ. ಫೋನಿನಲ್ಲಿ ಹೇಳುವ ವಿಷಯ ಅಲ್ಲ ಅನ್ನಿಸಿತು. ಅವರು ಬಹಳ ಹೊತ್ತು ಸುಮ್ಮನೆ ಕೂತಿದ್ದರು. ಆಮೇಲೆ, "ಆಯ್ತು ಬಿಡಿ. ಅಮ್ಮನ ಹಾಡು ಒಂದಾದ್ರೂ ಹಬ್ಬಕ್ಕೆ ಮಾಡಿಕೊಡಿ" ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಈಗ ನನ್ನ ಕೆಲಸದ ರೀತಿಯೇ ಬೇರೆ. ಕೈಯಲ್ಲಿ ಕೊಡಬೇಕಾದ ಕೆಲಸ ಇರುವಾಗ ವಿಂಡೋಸ್ ಅಪ್‌ಡೇಟನ್ನು ಪಾಜ್ ಮಾಡಿಡುತ್ತೇನೆ, 5 ವಾರದ ತನಕ ನಿಲ್ಲಿಸಬಹುದು. ಪ್ರಾಜೆಕ್ಟ್ ಡೇಟಾಬೇಸನ್ನು ಡಿ ಡ್ರೈವ್‌ಗೆ ತಂದಿದ್ದೇನೆ, ತಾನಾಗೇ ಆಗುವ ಬ್ಯಾಕಪ್‌ನ ಜಾಗವನ್ನು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ಗೆ ಬದಲಿಸಿದ್ದೇನೆ. ರಿಸಾಲ್ವ್‌ನಲ್ಲಿ ಪ್ರಾಜೆಕ್ಟನ್ನು ಎಕ್ಸ್‌ಪೋರ್ಟ್ ಮಾಡಿದರೆ ಒಂದು ಸಣ್ಣ ಫೈಲ್ ಸಿಗುತ್ತದೆ. ದಿನಾ ಸಂಜೆ ಅದನ್ನು ನನಗೇ ಮೇಲ್ ಮಾಡಿಕೊಳ್ಳುತ್ತೇನೆ. ನಮ್ಮ ಕಡೆಯ ನೆಟ್‌ವರ್ಕಿನಲ್ಲೂ ಅದು ಹೋಗುತ್ತದೆ, ಫೂಟೇಜ್‌ನಷ್ಟು ದೊಡ್ಡದಲ್ಲ.

ಇದನ್ನು ಓದುವ ಹೊತ್ತಿಗೆ ನಿಮ್ಮ ಪ್ರಿವ್ಯೂ ಕಪ್ಪಾಗಿ ಕೂತಿದ್ದರೆ, ಮೊದಲು ಪ್ರಾಜೆಕ್ಟಿನ ಪ್ರತಿ ಹೊರಗೆ ತೆಗೆಯಿರಿ. ಆಮೇಲೆ ಡ್ರೈವರ್ ನೋಡಿ. ಪ್ರೀಮಿಯರ್ ಬಳಸುವವರು ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ರೆಂಡರರ್ ಅನ್ನು ಸಾಫ್ಟ್‌ವೇರ್ ಓನ್ಲಿಗೆ ಬದಲಿಸಿ ನೋಡಿ. ಆಗ ಚಿತ್ರ ಬಂದರೆ ತೊಂದರೆ ಇರುವುದು ಗ್ರಾಫಿಕ್ಸ್ ಕಡೆಯಲ್ಲೇ, ನಿಮ್ಮ ಪ್ರಾಜೆಕ್ಟಿಗೆ ಏನೂ ಆಗಿಲ್ಲ. ಹೊಸ ಡ್ರೈವರ್ ಬಂದ ಮೇಲೆಯೇ ತೊಂದರೆ ಶುರುವಾಗಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲೇ ರೋಲ್ ಬ್ಯಾಕ್ ಡ್ರೈವರ್ ಬಟನ್ ಇದೆ.

ಆ ಹಬ್ಬಕ್ಕೆ 18 ನಿಮಿಷದ್ದೊಂದು ತುಂಡು ಕೊಟ್ಟೆ. ಧಾರೆ ಮತ್ತು ಅಜ್ಜಿಯ ಮೂರು ಹಾಡು. ಪೂರ್ತಿ ವಿಡಿಯೊ ಕೊಟ್ಟಿದ್ದು ಡಿಸೆಂಬರ್ ಕೊನೆಗೆ, ಎಡಿಟಿಂಗ್ ದುಡ್ಡು ತೆಗೆದುಕೊಳ್ಳಲಿಲ್ಲ. ಪಾಡ್ಯದ ರಾತ್ರಿ ಅವರ ಮನೆಯಲ್ಲಿ ಅಂಟಿಗೆ ಪಂಟಿಗೆಯವರು ದೀಪ ತಂದು ಹಾಡಿ ಹೋದ ಮೇಲೆ ಟಿವಿ ಹಾಕಿದರು. ಅಜ್ಜಿ ತೀರಾ ಹತ್ತಿರ ಕೂತು ತಮ್ಮ ಹಾಡು ತಾವೇ ಕೇಳಿದರು. ಎರಡನೇ ಹಾಡಿನ ನಡುವೆ ಒಂದು ಕಡೆ ತುಟಿಗೂ ಧ್ವನಿಗೂ ಸ್ವಲ್ಪ ಹೊಂದುವುದಿಲ್ಲ. ಮೊದಲ ಸಲ ಅಲ್ಲಿ ಸರಿಯಾಗಿ ಕೂರಿಸಿದ್ದೆ.