ಅಟ್ಟದ ಮೇಲೆ ಬೆಂದ ಶಿರಾಜ್

ನಂದಿ ಸೀಮೆಯ ಒಂದೇ ತಯಾರಕರ ಶಿರಾಜ್ ಎಂಬ ಕೆಂಪು ವೈನ್, ಸಾಲಾಗಿ ಆರು ಸುಗ್ಗಿಯದು, ಆರು ಬಾಟಲಿ. ಐದು ಬಾಟಲಿ ಚಿಕ್ಕಬಳ್ಳಾಪುರದ ಆರ್‌ಸಿಸಿ ಮನೆಯೊಂದರ ಅಟ್ಟದಲ್ಲಿ, ರಟ್ಟಿನ ಪೆಟ್ಟಿಗೆಯಲ್ಲಿ ನೆಟ್ಟಗೆ ನಿಂತಿದ್ದವು. ಆರನೆಯದನ್ನು ಹಿಂದಿನ ವಾರವಷ್ಟೇ ಅಂಗಡಿಯಿಂದ ತಂದಿದ್ದರು. ತೆರೆದಾಗ ಕುಡಿಯುವಂತಿದ್ದದ್ದು ಆ ಆರನೆಯದೊಂದೇ. ವೈನ್ ಹೋದದ್ದಕ್ಕಿಂತ ಕೆಟ್ಟದ್ದು ಅಲ್ಲಿ ಕೂತವರು ಕೊಟ್ಟ ತೀರ್ಪು: 'ನಮ್ಮ ಕಡೆಯ ಶಿರಾಜ್ ಎರಡು ವರ್ಷಕ್ಕಿಂತ ಬಾಳುವುದಿಲ್ಲ.' ಅವರು ರುಚಿ ನೋಡಿದ್ದು ವಯಸ್ಸನ್ನಲ್ಲ, ಅಟ್ಟವನ್ನು.

ಏಪ್ರಿಲ್ ಬಿಸಿಲಿಗೆ ಕಾದ ಸ್ಲ್ಯಾಬು ರಾತ್ರಿಯವರೆಗೂ ಶಾಖ ಬಿಡುತ್ತಲೇ ಇರುತ್ತದೆ. ಬಿಸಿಯಾದ ವೈನ್ ಹಿಗ್ಗಿ ಬಿರಡೆಯನ್ನು ಮೇಲಕ್ಕೆ ತಳ್ಳುತ್ತದೆ, ಬೆಳಗಿನ ಜಾವ ತಣಿದು ಕುಗ್ಗಿದಾಗ ಹೊರಗಿನ ಗಾಳಿ ಎಳೆದುಕೊಳ್ಳುತ್ತದೆ. ಬೇಸಿಗೆಯಿಡೀ ಬಾಟಲಿ ಹೀಗೆ ಉಸಿರಾಡಿದರೆ ಒಳಗೆ ಆಮ್ಲಜನಕ ಸೇರದೆ ಇರುತ್ತದೆಯೇ? ಮೇಲಾಗಿ ಶಾಖ 10 ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಗಳ ವೇಗ ಸುಮಾರು ಇಮ್ಮಡಿ. 13 ಡಿಗ್ರಿಯಲ್ಲಿ ನಿಧಾನವಾಗಿ ಆಗಬೇಕಾದದ್ದು 35ರಲ್ಲಿ ಅವಸರವಾಗಿ, ಅದೂ ದಾರಿ ತಪ್ಪಿ ಆಗುತ್ತದೆ. ನೆಟ್ಟಗೆ ನಿಲ್ಲಿಸಿದ್ದರಿಂದ ಬಿರಡೆಯೂ ಒಣಗಿತ್ತು. ತಿರುಪು ಮುಚ್ಚಳದ ಬಾಟಲಿಯಾಗಿದ್ದರೆ ನಿಲ್ಲಿಸಿಟ್ಟಿದ್ದರಿಂದ ತೊಂದರೆಯಿರಲಿಲ್ಲ. ಶಾಖದ ತೊಂದರೆ ಮಾತ್ರ ಅದಕ್ಕೂ ತಪ್ಪುತ್ತಿರಲಿಲ್ಲ.

ತೆರೆಯುವ ಮೊದಲೇ ಗುರುತುಗಳಿದ್ದವು, ಯಾರೂ ನೋಡಲಿಲ್ಲ. ಎರಡು ಬಾಟಲಿಯ ಬಿರಡೆ ಕತ್ತಿನ ಅಂಚಿನಿಂದ 2 ಮಿಲಿಮೀಟರ್ ಮೇಲೆದ್ದಿತ್ತು. ಒಂದರ ಬಿರಡೆ ಮೇಲಿನ ಹೊದಿಕೆ ತಿರುಗಿಸಿದರೆ ತಿರುಗದೆ ಅಂಟಿಕೊಂಡಿತ್ತು, ಅಂದರೆ ಸೋರಿ ಒಣಗಿದೆ. ಅತಿ ಹಳೆಯದರಲ್ಲಿ ವೈನ್ ಮಟ್ಟ ಕತ್ತಿನಿಂದ ಭುಜಕ್ಕಿಳಿದಿತ್ತು. ಕಿತ್ತ ಬಿರಡೆಯ ಪಕ್ಕದಲ್ಲಿ ನೇರಳೆ ಬಣ್ಣದ ಕಲೆ ಕೆಳಗಿನಿಂದ ತುದಿಯವರೆಗೆ ಗೆರೆಯಂತೆ ಹತ್ತಿತ್ತು. ಕಲೆ ಬಿರಡೆಯ ತಳದಲ್ಲಷ್ಟೇ ಇರಬೇಕು.

ನಿಜವಾಗಿ ವಯಸ್ಸಾದದ್ದಕ್ಕೂ ಬೆಂದದ್ದಕ್ಕೂ ವ್ಯತ್ಯಾಸ ಮೂಗಿಗೇ ಸಿಗುತ್ತದೆ. ಎಳೆಯ ಶಿರಾಜ್‌ನಲ್ಲಿ ಮಾಗಿದ ಹಿಪ್ಪುನೇರಳೆ ಹಣ್ಣು, ಕರಿಮೆಣಸು. ಆ ಮೆಣಸಿನ ವಾಸನೆ ರೊಟಂಡೋನ್ ಎಂಬ ಅಂಶದ್ದು, ನಿಜವಾದ ಕರಿಮೆಣಸಿನಲ್ಲೂ ಅದೇ ಇರುವುದು. ಚೆನ್ನಾಗಿ ವಯಸ್ಸಾದರೆ ಹಣ್ಣು ಹಿಂದೆ ಸರಿದು ಚರ್ಮ, ತಂಬಾಕು, ಒಣ ಅಂಜೂರ ಮುಂದೆ ಬರುತ್ತವೆ. ಒಗರು ಕೊಡುವ ಟ್ಯಾನಿನ್ ಮತ್ತು ಬಣ್ಣದ ಕಣಗಳು ಕೂಡಿಕೊಂಡು ತಳಕ್ಕೆ ಗಷ್ಟಾಗಿ ಇಳಿಯುವುದರಿಂದ ಒಗರು ಮೆತ್ತಗಾಗುತ್ತದೆ, ಲೋಟದಲ್ಲಿ ವೈನಿನ ಅಂಚು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಬೆಂದದ್ದರಲ್ಲೂ ಅಂಚು ಕಂದೇ, ಮೋಸ ಹೋಗುವುದು ಇಲ್ಲಿಯೇ. ಆದರೆ ಮೂಗಿಟ್ಟರೆ ಸೀದ ಬೆಲ್ಲದ ಪಾಕ, ಬೇಯಿಸಿದ ಒಣದ್ರಾಕ್ಷಿ, ಕತ್ತರಿಸಿಟ್ಟು ಕಂದಿದ ಸೇಬು. ಬಾಯಲ್ಲಿ ಹುಳಿ ಒಂದು ಕಡೆ, ಒಗರು ಇನ್ನೊಂದು ಕಡೆ, ನಡುವೆ ಟೊಳ್ಳು. ಒದ್ದೆ ಗೋಣಿಚೀಲದ ವಾಸನೆ ಬಂದರೆ ಅದು ಬೇರೆಯೇ ರೋಗ, ಬಿರಡೆಯದ್ದು. ಅದಕ್ಕೆ ಅಟ್ಟವನ್ನು ದೂರಬೇಡಿ.

ಬಡಿಸಿದ ರೀತಿಯೂ ತಪ್ಪಿತ್ತು. ಕೆಂಪು ವೈನ್ 'ರೂಮ್ ಟೆಂಪರೇಚರ್'ನಲ್ಲಿ ಕುಡಿಯಬೇಕು ಎಂಬ ಮಾತು ಹುಟ್ಟಿದ್ದು ಯುರೋಪಿನ ತಣ್ಣನೆಯ ಕಲ್ಲುಮನೆಗಳಲ್ಲಿ. ಅಲ್ಲಿ ರೂಮ್ ಅಂದರೆ 16–18 ಡಿಗ್ರಿ, ನಮ್ಮಲ್ಲಿ ಮೇ ತಿಂಗಳಲ್ಲಿ 30. ಆ ಶಾಖದಲ್ಲಿ ಒಳ್ಳೆಯ ವೈನ್ ಕೂಡ ಸ್ಪಿರಿಟ್ ಹೊಡೆಯುತ್ತದೆ. ಹಳೆಯ ಬಾಟಲಿಯನ್ನು ಆಗಲೇ ಅಟ್ಟದಿಂದ ಇಳಿಸಿ ಸುರಿದದ್ದರಿಂದ ಗಷ್ಟು ಕದಡಿ ಕಹಿಯೂ ಸೇರಿತು. ಇದರ ಜೊತೆಗೆ ಊದುಬತ್ತಿ, ಖಾರದ ಮಟನ್ ಫ್ರೈ! ಇನ್ನೊಂದು ಎಡವಟ್ಟು: ಆರರಲ್ಲಿ ಎರಡು ಓಕ್ ಮರದ ಪೀಪಾಯಿಯಲ್ಲಿ ಕಾಲ ಕಳೆದವು, ಉಳಿದವು ಸ್ಟೀಲ್ ಟ್ಯಾಂಕಿನವು. ಓಕ್‌ನ ವೆನಿಲ್ಲಾ, ಕೊಬ್ಬರಿ ವಾಸನೆಯನ್ನೇ ವಯಸ್ಸು ಎಂದು ಬರೆದುಕೊಂಡರು.

ಇಂಥ ಸಾಲು ಕೂಡಿಡುವವರು ಒಂದೇ ಲೇಬಲ್ ಹಿಡಿಯಿರಿ. ಸುಗ್ಗಿಯ ವರ್ಷದ ಜೊತೆಗೆ ಬಾಟಲಿಗೆ ತುಂಬಿದ ತಿಂಗಳನ್ನೂ ಬರೆದಿಡಿ, ಬಾಟಲಿ ವಯಸ್ಸಿನ ಲೆಕ್ಕ ಅಲ್ಲಿಂದ. ಪ್ರತಿ ವರ್ಷದ್ದು ಎರಡೆರಡು ಕೊಳ್ಳಿ, ಒಂದು ಕೆಟ್ಟರೆ ಕೆಟ್ಟದ್ದು ಆ ಬಾಟಲಿಯೋ ಆ ವರ್ಷವೋ ಎಂದು ತಿಳಿಯಲು. ಇಡುವ ಜಾಗದಲ್ಲಿ ಒಂದು ವಾರ ಗರಿಷ್ಠ-ಕನಿಷ್ಠ ಥರ್ಮಾಮೀಟರ್ ತೂಗುಹಾಕಿ. ಶಿಡ್ಲಘಟ್ಟದ ಕಡೆ ರೇಷ್ಮೆ ಹುಳುವಿಗೆ ಮನೆ 25 ಡಿಗ್ರಿ ಆಸುಪಾಸು ಇರಲೆಂದು ಒದ್ದೆ ಗೋಣಿ ಕಟ್ಟುತ್ತಾರೆ. ವೈನ್‌ಗೆ ಅದೂ ಹೆಚ್ಚೇ. ಬೇಕಾದದ್ದು 12–14 ಡಿಗ್ರಿ, ಏರಿಳಿತವಿಲ್ಲದೆ, ಕತ್ತಲಲ್ಲಿ, ಮಲಗಿಸಿ. ವೈನ್ ಫ್ರಿಜ್ ಇಲ್ಲದಿದ್ದರೆ ಮಾಮೂಲಿ ಫ್ರಿಜ್ಜಿನ ಕೆಳಗಿನ ಅರೆಯೇ ಅಟ್ಟಕ್ಕಿಂತ ಎಷ್ಟೋ ವಾಸಿ. ಬಡಿಸುವ ಮುಕ್ಕಾಲು ಗಂಟೆ ಮೊದಲು ಹೊರಗಿಡಿ.

ನಮ್ಮಲ್ಲಿ ಹಣ್ಣು ಮಾಗುವುದು ಬಿಸಿಲೇರುವ ಫೆಬ್ರವರಿ–ಮಾರ್ಚಿನಲ್ಲಿ. ಹುಳಿ ಬೇಗ ಇಳಿದು ಪಿಎಚ್ ಏರುತ್ತದೆ, ಪಿಎಚ್ ಏರಿದಷ್ಟೂ ವೈನ್ ಕೆಡದಿರಲೆಂದು ಹಾಕುವ ಗಂಧಕದ ರಕ್ಷಣೆ ತಗ್ಗುತ್ತದೆ. ಹಾಗಾಗಿ ಓಕ್ ಕಾಣದ ಸಾದಾ ಶಿರಾಜ್ ಅನ್ನು ವರ್ಷಗಟ್ಟಲೆ ಇಡುವ ಗೋಜಿಗೇ ಹೋಗಬೇಡಿ.

ರುಚಿ ನೋಡುವ ಎರಡು ದಿನ ಮೊದಲು ಬಾಟಲಿಗಳನ್ನು ನೆಟ್ಟಗೆ ನಿಲ್ಲಿಸಿ. ಹಳೆಯ ಬಿರಡೆ ಪುಡಿಯಾಗುತ್ತದೆ, ಸುರುಳಿಗಿಂತ ಎರಡು ಅಲಗಿನ ಓಪನರ್ ಮೇಲು. ಕತ್ತಿನ ಹಿಂದೆ ಟಾರ್ಚ್ ಹಿಡಿದು ನಿಧಾನವಾಗಿ ಬಗ್ಗಿಸಿ, ಗಷ್ಟಿನ ಎಳೆ ಕಂಡ ಕೂಡಲೇ ನಿಲ್ಲಿಸಿ. ಲೋಟಕ್ಕೆ 50 ಮಿಲಿ ಸಾಕು. ಎಳೆಯದನ್ನು ಒಂದು ಗಂಟೆ ಮೊದಲೇ ತೆರೆದಿಡಿ, ಅತಿ ಹಳೆಯದನ್ನು ಸುರಿಯುವ ಹೊತ್ತಿಗೇ ತೆರೆಯಿರಿ. ಅದರ ಪರಿಮಳ ಅರ್ಧ ಗಂಟೆಯಲ್ಲೇ ಹಾರಿಹೋಗಬಹುದು.