ಹಳೇ ಆಂಪ್‌ಗೆ ಸ್ಟ್ರೀಮರ್: ವೀಮ್ ಮಿನಿನಾ, ಪ್ರೋನಾ?

ಮನೇಲಿ ಒಳ್ಳೆ ಆಂಪ್ (ಆಂಪ್ಲಿಫೈಯರ್), ಸ್ಪೀಕರ್ ಇದ್ದು ಬರೀ ಸ್ಟ್ರೀಮಿಂಗ್ ಬೇಕು ಅನ್ನೋರು ಲಕ್ಷಗಟ್ಟಲೆ ಸುರಿಯೋದು ಬೇಡ, ವೀಮ್ (WiiM) ಬ್ರ್ಯಾಂಡ್‌ನ ಪ್ರೋ ಸ್ಟ್ರೀಮರ್, ಅಂದ್ರೆ ನೆಟ್‌ನಿಂದ ಹಾಡು ತಗೊಂಡು ಆಂಪ್‌ಗೆ ಕೊಡೋ ಪುಟ್ಟ ಡಬ್ಬಿ, ಸಾಕು. ಮಿನಿ ಇನ್ನೂ ಅಗ್ಗ ನಿಜ, ಆದ್ರೆ ಅದ್ರಲ್ಲಿ ಲ್ಯಾನ್ ಪೋರ್ಟ್ (ನೆಟ್ ಕೇಬಲ್ ಚುಚ್ಚೋ ಜಾಗ) ಇಲ್ಲ, ರೌಟರ್ ಹಾಲಲ್ಲಿ ಆಂಪ್ ಒಳಗಿನ ರೂಮಲ್ಲಿ ಇದ್ರೆ ವೈಫೈ ನಂಬ್ಕೊಂಡು ಕೂರ್ಬೇಕು. ಪ್ರೋದಲ್ಲಿ ಲ್ಯಾನ್ ಇದೆ, ಆಂಪ್‌ಗೆ ಜೋಡಿಸೋಕೆ ಆರ್‌ಸಿಎ, ಆಪ್ಟಿಕಲ್, ಕೋಆಕ್ಸಿಯಲ್ ಪೋರ್ಟ್ ಎಲ್ಲಾ ಇದೆ. ಹಾಡನ್ನ ಡಬ್ಬಿನೇ ನೇರವಾಗಿ ನೆಟ್‌ನಿಂದ ಎಳ್ಕೊಳ್ಳುತ್ತೆ, ಹಾಗಾಗಿ ಬ್ಲೂಟೂತ್ ಥರ ಫೋನ್‌ಗೆ ಕಾಲ್ ಬಂದ ತಕ್ಷಣ ನಿಲ್ಲೋ ಕಾಟ ಇಲ್ಲ. ನಂಗೆ ಜಾಸ್ತಿ ಇಷ್ಟ ಆಗಿದ್ದು ಗ್ಯಾಪ್‌ಲೆಸ್, ಕಚೇರಿ ರೆಕಾರ್ಡಿಂಗಲ್ಲಿ ಆಲಾಪನೆ ಮುಗಿದು ಕೃತಿಗೆ ಟ್ರ್ಯಾಕ್ ಬದಲಾಗೋವಾಗ ತಂಬೂರಿ ಶ್ರುತಿ ಕಟ್ಟೇ ಆಗಲ್ಲ, ಆಹಾ! ಸ್ಕ್ರೀನ್ ಇಲ್ಲ, ಎಲ್ಲಾ ಆಪ್‌ನಲ್ಲೇ. ಬೇರೆ ಡ್ಯಾಕ್ (ಡಿಜಿಟಲ್ ಹಾಡನ್ನ ಅನಲಾಗ್ ಸಿಗ್ನಲ್ ಮಾಡೋ ಸಾಧನ) ಈಗಾಗ್ಲೇ ಇದ್ರೆ ಇದರ ಮೇಲಿನ ಮಾಡೆಲ್ ಪ್ರೋ ಪ್ಲಸ್‌ಗೆ ಹೆಚ್ಚಿನ ದುಡ್ಡು ಹಾಕ್ಬೇಡಿ, ಅದರಲ್ಲಿ ಮುಖ್ಯವಾಗಿ ಸುಧಾರಿಸಿರೋದೇ ಒಳಗಿನ ಡ್ಯಾಕು.